ಕಟ್ಟಡವಿಲ್ಲದ ಶಾಲೆ: ಇಂಗ್ಲೆಂಡಿನಲ್ಲಿ ಪಾಲನೆಯಲ್ಲಿರುವ ಮಕ್ಕಳ ಶಿಕ್ಷಣ ಕುರಿತ ಒಂದು ಪ್ರಕರಣ ಅಧ್ಯಯನ

ಮನೆಯಲ್ಲಿ ಮಗು ಸುರಕ್ಷಿತವಾಗಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿದಾಗ, ಅಥವಾ ಹೆತ್ತವರೇ ಸಾಕಲಾರದೆ ಒಪ್ಪಿಗೆ ಕೊಟ್ಟಾಗ, ಇಂಗ್ಲೆಂಡಿನಲ್ಲಿ ಆ ಮಗುವಿನ ಪಾಲನೆಯ ಹೊಣೆ ಸ್ಥಳೀಯ ಆಡಳಿತ ಸಂಸ್ಥೆಗೆ ಸೇರುತ್ತದೆ. 2024ರ ಮಾರ್ಚ್ 31ರಂದು ಹೀಗೆ ಪಾಲನೆಯಲ್ಲಿದ್ದ ಮಕ್ಕಳ ಸಂಖ್ಯೆ 83,630. ಇವರಲ್ಲಿ ಮೂರನೆಯ ಎರಡು ಭಾಗದಷ್ಟು ಮಕ್ಕಳು ಸಾಕು ಕುಟುಂಬಗಳಲ್ಲಿ ಇರುತ್ತಾರೆ. ಉಳಿದವರು ಮಕ್ಕಳ ನಿಲಯಗಳಲ್ಲಿ, ಅರೆಸ್ವತಂತ್ರ ವಸತಿಗಳಲ್ಲಿ ಅಥವಾ ಆಡಳಿತದ ನಿಗಾದಲ್ಲಿಯೇ ಸ್ವಂತ ಹೆತ್ತವರ ಬಳಿ ಇರುತ್ತಾರೆ. ಈ ಮಕ್ಕಳ ಶಾಲಾ ಫಲಿತಾಂಶ ಇತರ ಮಕ್ಕಳಿಗಿಂತ ಬಹಳ ಹಿಂದಿದೆ ಎಂಬುದು ದಶಕಗಳಿಂದ ಗೊತ್ತಿದ್ದ ಸಂಗತಿ. ಅದನ್ನು ಸರಿಪಡಿಸಲೆಂದೇ ಆ ದೇಶ ಒಂದು ವಿಶಿಷ್ಟ ಹುದ್ದೆಯನ್ನು ಸೃಷ್ಟಿಸಿತು. ವರ್ಚುವಲ್ ಶಾಲೆಯ ಮುಖ್ಯಸ್ಥ ಎಂಬ ಆ ಹುದ್ದೆ ಹುಟ್ಟಿದ ಬಗೆ, ಅದು ಕೆಲಸ ಮಾಡುವ ರೀತಿ, ಅದು ಸೋಲುವ ಜಾಗ ಇವುಗಳನ್ನು ಈ ಪ್ರಕರಣದಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಪಾಲನೆಯ ಇಂದಿನ ವ್ಯವಸ್ಥೆಗೆ ಬುನಾದಿಯಾದದ್ದು 1989ರ ಮಕ್ಕಳ ಕಾಯ್ದೆ. ಮಗುವಿನ ಹಿತ ಕಾಯುವುದು ಆಡಳಿತದ ಕರ್ತವ್ಯವೆಂದು ಅದು ಸ್ಪಷ್ಟವಾಗಿ ಹೇಳಿತು. ಆದರೆ ಆ ಹಿತದೊಳಗೆ ಓದು ಎಷ್ಟರಮಟ್ಟಿಗೆ ಸೇರಿದೆ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಒಂದೇ ಆಡಳಿತದ ಒಳಗೆ ಸಮಾಜ ಸೇವಾ ವಿಭಾಗ ಮಗುವಿನ ವಸತಿಯನ್ನು ನೋಡಿಕೊಳ್ಳುತ್ತಿತ್ತು, ಶಿಕ್ಷಣ ವಿಭಾಗ ಶಾಲೆಗಳನ್ನು ನೋಡಿಕೊಳ್ಳುತ್ತಿತ್ತು, ಮತ್ತು ಇವೆರಡರ ನಡುವೆ ಮಗುವಿನ ಓದು ಯಾರ ಕಡತದಲ್ಲಿಯೂ ಪೂರ್ಣವಾಗಿ ಇರುತ್ತಿರಲಿಲ್ಲ. ಸಂಶೋಧಕಿ ಸೋನಿಯಾ ಜಾಕ್ಸನ್ ಅವರು 1980ರ ದಶಕದಲ್ಲಿಯೇ ಈ ಕೊರತೆಯನ್ನು ಎತ್ತಿ ತೋರಿಸಿದ್ದರು. ಆ ಕಾಲದ ಸಾಮಾನ್ಯ ನಿಲುವು ಹೀಗಿತ್ತು: ಇಷ್ಟೆಲ್ಲ ನೋವುಂಡ ಮಗುವಿಗೆ ಮೊದಲು ನೆಮ್ಮದಿ ಬೇಕು, ಓದು ಆಮೇಲೆ ನೋಡೋಣ. ಕರುಣೆಯಿಂದ ಹುಟ್ಟಿದ ಈ ಮಾತು ಮಗುವಿನ ಮೇಲಿನ ನಿರೀಕ್ಷೆಯನ್ನು ಸದ್ದಿಲ್ಲದೆ ಇಳಿಸಿಬಿಡುತ್ತದೆ, ಮತ್ತು ಆ 'ಆಮೇಲೆ' ಹೆಚ್ಚಿನ ಮಕ್ಕಳ ಪಾಲಿಗೆ ಬರಲೇ ಇಲ್ಲ.

2003ರಲ್ಲಿ ಸರ್ಕಾರದ ಸಾಮಾಜಿಕ ಬಹಿಷ್ಕಾರ ನಿವಾರಣಾ ಘಟಕ ಹೊರತಂದ ವರದಿ ಸಮಸ್ಯೆಯ ಗಾತ್ರವನ್ನು ಅಂಕಿಯಲ್ಲಿ ಮುಂದಿಟ್ಟಿತು. 2001–02ರ ಸಾಲಿನಲ್ಲಿ, ಹದಿನಾರರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಐದು ಅಥವಾ ಹೆಚ್ಚು ವಿಷಯಗಳಲ್ಲಿ ಉತ್ತಮ ದರ್ಜೆ ಪಡೆದವರು ಪಾಲನೆಯ ಮಕ್ಕಳಲ್ಲಿ ಶೇ 8 ಮಾತ್ರ. ಒಟ್ಟಾರೆ ಮಕ್ಕಳಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟಿತ್ತು. ವರದಿ ಐದು ಕಾರಣಗಳನ್ನು ಗುರುತಿಸಿತು. ಮಕ್ಕಳ ಬದುಕಿನಲ್ಲಿ ಸ್ಥಿರತೆ ಇಲ್ಲ. ಅವರು ಶಾಲೆಯಿಂದ ಹೊರಗೆ ಕಳೆಯುವ ಕಾಲ ಹೆಚ್ಚು. ಹಿಂದೆ ಬಿದ್ದಾಗ ಎತ್ತಿ ನಿಲ್ಲಿಸುವ ನೆರವು ಸಾಲದು. ಸಾಕುವವರಿಂದ ಓದಿಗೆ ಬೆಂಬಲವನ್ನು ಯಾರೂ ನಿರೀಕ್ಷಿಸುವುದಿಲ್ಲ, ಅದಕ್ಕೆ ಅವರನ್ನು ಸಜ್ಜುಗೊಳಿಸುವುದೂ ಇಲ್ಲ. ಮನಸ್ಸಿನ ಮತ್ತು ದೇಹದ ಆರೋಗ್ಯಕ್ಕೆ ದೊರೆಯುವ ಸಹಾಯ ಸಾಕಾಗುತ್ತಿಲ್ಲ. ಈ ಐದರಲ್ಲಿ ಪಾಠ ಹೇಳುವುದಕ್ಕೆ ನೇರವಾಗಿ ಸಂಬಂಧಪಟ್ಟದ್ದು ಒಂದೇ ಒಂದು. ಉಳಿದ ನಾಲ್ಕೂ ತರಗತಿಯ ಗೋಡೆಯ ಆಚೆ ತೀರ್ಮಾನವಾಗುವಂಥವು. ಈ ಅಂಶವನ್ನು ಇಲ್ಲಿಯೇ ಗಮನಿಸಿಕೊಂಡರೆ, ಮುಂದೆ ಬಂದ ಹುದ್ದೆ ಶಿಕ್ಷಕನಿಗಿಂತ ಹೆಚ್ಚಾಗಿ ಸಂಯೋಜಕನ ಹುದ್ದೆಯಾಗಿ ಏಕೆ ರೂಪುಗೊಂಡಿತು ಎಂಬುದು ಅರ್ಥವಾಗುತ್ತದೆ.

2004ರ ಮಕ್ಕಳ ಕಾಯ್ದೆ ಪಾಲನೆಯ ಮಕ್ಕಳ ಶೈಕ್ಷಣಿಕ ಸಾಧನೆಯನ್ನು ಉತ್ತೇಜಿಸುವುದನ್ನು ಆಡಳಿತಗಳ ಕಾನೂನುಬದ್ಧ ಕರ್ತವ್ಯವಾಗಿಸಿತು, ಮತ್ತು ಮರುವರ್ಷ ಅದು ಜಾರಿಗೆ ಬಂತು. ಆದರೆ ಆಡಳಿತದ ಕರ್ತವ್ಯವೆಂದಾಗ ಅದನ್ನು ಹೊರುವ ವ್ಯಕ್ತಿ ಯಾರು? ಸಮಾಜ ಕಾರ್ಯಕರ್ತರಿಗೆ ಕೈತುಂಬ ಪ್ರಕರಣಗಳು, ಶಾಲಾ ವ್ಯವಸ್ಥೆಯ ಒಳಸುಳಿಗಳ ಪರಿಚಯವೂ ಕಡಿಮೆ. ಶಾಲೆಗೆ ಮಗುವಿನ ಮನೆಯ ಸ್ಥಿತಿ ಗೊತ್ತಿಲ್ಲ. ಸಾಕು ತಾಯಿಗೆ ಶಾಲೆಯನ್ನು ಪ್ರಶ್ನಿಸುವ ಅಧಿಕಾರ ತನಗಿದೆಯೇ ಎಂಬುದೇ ಖಚಿತವಿಲ್ಲ. ಸಾಮಾನ್ಯ ಮಗುವಿನ ವಿಷಯದಲ್ಲಿ ತಂದೆಯೋ ತಾಯಿಯೋ ಶಾಲೆಗೆ ಹೋಗಿ 'ಗಣಿತದಲ್ಲಿ ಏಕೆ ಹಿಂದೆ ಬಿದ್ದಿದ್ದಾಳೆ' ಎಂದು ಕೇಳುತ್ತಾರೆ; ಪಾಲನೆಯ ಮಗುವಿನ ಪರವಾಗಿ ಆ ಒಂದು ಪ್ರಶ್ನೆ ಕೇಳುವ ಹೊಣೆ ನಾಲ್ಕಾರು ಜನರಲ್ಲಿ ಹಂಚಿಹೋಗಿ ಕೊನೆಗೆ ಯಾರೂ ಕೇಳದಂತಾಗುತ್ತಿತ್ತು.

ಹುದ್ದೆಯ ಹುಟ್ಟು ಮತ್ತು ಅದರ ಸಲಕರಣೆಗಳು

2006 ಮತ್ತು 2007ರಲ್ಲಿ ಸರ್ಕಾರ ಪ್ರಕಟಿಸಿದ ನೀತಿ ಪತ್ರಗಳು ಇದಕ್ಕೆ ಒಂದು ಉತ್ತರವನ್ನು ಸೂಚಿಸಿದವು. ಒಂದು ಆಡಳಿತದ ಪಾಲನೆಯಲ್ಲಿರುವ ಮಕ್ಕಳು ಎಷ್ಟೇ ಶಾಲೆಗಳಲ್ಲಿ ಚದುರಿಹೋಗಿದ್ದರೂ, ಅವರೆಲ್ಲ ಒಂದೇ ಶಾಲೆಯ ವಿದ್ಯಾರ್ಥಿಗಳೆಂದು ಭಾವಿಸಿ, ಆ ಶಾಲೆಗೊಬ್ಬ ಮುಖ್ಯಸ್ಥರನ್ನು ನೇಮಿಸುವುದು. ಈ ಶಾಲೆಗೆ ಕಟ್ಟಡವಿಲ್ಲ, ಗಂಟೆಯಿಲ್ಲ. ಇರುವುದು ಹೆಸರಿನ ಪಟ್ಟಿ ಮತ್ತು ಉತ್ತರದಾಯಿತ್ವ. ಮಕ್ಕಳು ತಮ್ಮ ತಮ್ಮ ಶಾಲೆಯಲ್ಲಿಯೇ ಓದುತ್ತಾರೆ. ವಾಸ್ತವದಲ್ಲಿ ತಾವು ಇಂಥದೊಂದು ಶಾಲೆಗೆ ಸೇರಿದವರೆಂಬುದು ಅನೇಕ ಮಕ್ಕಳಿಗೆ ತಿಳಿದಿರಬೇಕೆಂದೂ ಇಲ್ಲ. 2007ರಿಂದ 2009ರವರೆಗೆ 11 ಆಡಳಿತಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ನಡೆಸಲಾಯಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಅದನ್ನು ಮೌಲ್ಯಮಾಪನ ಮಾಡಿ ಒಟ್ಟಾರೆ ಅನುಕೂಲಕರ ಅಭಿಪ್ರಾಯ ನೀಡಿತು. ಅನೇಕ ಆಡಳಿತಗಳು ತಾವಾಗಿಯೇ ಈ ಮಾದರಿಯನ್ನು ಅನುಸರಿಸಿದವು. ಕೊನೆಗೆ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ, ಇಂಗ್ಲೆಂಡಿನ ಪ್ರತಿಯೊಂದು ಸ್ಥಳೀಯ ಆಡಳಿತವೂ ಈ ಕೆಲಸಕ್ಕೆ ಕನಿಷ್ಠ ಒಬ್ಬ ಅಧಿಕಾರಿಯನ್ನು ನೇಮಿಸಲೇಬೇಕೆಂದು ಕಡ್ಡಾಯಗೊಳಿಸಿತು.

ಮುಖ್ಯಸ್ಥರ ಕೈಗೆ ಕೊಟ್ಟಿರುವ ಮೊದಲ ಸಲಕರಣೆ ವೈಯಕ್ತಿಕ ಶಿಕ್ಷಣ ಯೋಜನೆ. ಮಗು ಪಾಲನೆಗೆ ಬಂದ ಹತ್ತು ಕೆಲಸದ ದಿನಗಳೊಳಗೆ ಇದು ಸಿದ್ಧವಾಗಬೇಕು, ಮತ್ತು ಪ್ರತಿ ಶಾಲಾ ಅವಧಿಗೊಮ್ಮೆ ಪರಿಶೀಲನೆಯಾಗಬೇಕು. ಮಗು ಈಗ ಎಲ್ಲಿದೆ, ಎಲ್ಲಿಗೆ ತಲುಪಬಹುದು, ಅಡ್ಡಿಯೇನು, ಯಾರು ಏನನ್ನು ಯಾವ ದಿನಾಂಕದೊಳಗೆ ಮಾಡಬೇಕು ಎಂಬುದನ್ನು ಅದರಲ್ಲಿ ಬರೆಯಬೇಕು. ಎರಡನೆಯದು ಪ್ರತಿ ಶಾಲೆಯಲ್ಲಿಯೂ ಇರುವ ನಿಯೋಜಿತ ಶಿಕ್ಷಕ. 2008ರ ಕಾಯ್ದೆಯೊಂದರ ಮೂಲಕ ಈ ಪಾತ್ರ ಕಾನೂನಿನ ಬಲ ಪಡೆಯಿತು. ತಮ್ಮ ಶಾಲೆಯಲ್ಲಿರುವ ಪಾಲನೆಯ ಮಕ್ಕಳ ಓದಿನ ಮೇಲೆ ಕಣ್ಣಿಡುವುದು, ಯೋಜನೆಯನ್ನು ಬರೆಯುವುದರಲ್ಲಿ ಮುಂದಾಳಾಗುವುದು ಈ ಶಿಕ್ಷಕರ ಕೆಲಸ. ಮುಖ್ಯಸ್ಥರು ಆಡಳಿತದ ಕಡೆಯಿಂದ ಮಾತನಾಡುವಾಗ ಶಾಲೆಯೊಳಗೆ ಉತ್ತರ ಕೊಡುವವರು ಇವರೇ.

ಮೂರನೆಯ ಸಲಕರಣೆ ಹಣ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದಲ್ಲಿ ಅತ್ಯಂತ ಜಾಣತನದ ಭಾಗ ಇದು. ಹಿಂದುಳಿದ ಮಕ್ಕಳಿಗಾಗಿ ಇಂಗ್ಲೆಂಡಿನಲ್ಲಿ 2011ರಿಂದ ತಲಾ ಲೆಕ್ಕದ ಹೆಚ್ಚುವರಿ ಅನುದಾನವಿದೆ. ಸಾಮಾನ್ಯವಾಗಿ ಅದು ನೇರವಾಗಿ ಶಾಲೆಗೆ ಹೋಗುತ್ತದೆ. 2014ರಲ್ಲಿ ಪಾಲನೆಯ ಮಕ್ಕಳ ಪಾಲನ್ನು 900 ಪೌಂಡಿನಿಂದ 1,900 ಪೌಂಡಿಗೆ ಏರಿಸಿದ್ದಲ್ಲದೆ, ಅದನ್ನು ವರ್ಚುವಲ್ ಶಾಲೆಯ ಮುಖ್ಯಸ್ಥರ ಕೈಗೆ ಕೊಡಲಾಯಿತು. 2018ರಲ್ಲಿ ಅದು 2,300 ಪೌಂಡ್ ಆಯಿತು, ಆಮೇಲೂ ಏರಿದೆ. ಮೊದಲು ಮಗು ಆರು ತಿಂಗಳು ಪಾಲನೆಯಲ್ಲಿದ್ದರೆ ಮಾತ್ರ ಅನುದಾನ ದೊರೆಯುತ್ತಿತ್ತು, ಈಗ ಮೊದಲ ದಿನದಿಂದಲೇ ದೊರೆಯುತ್ತದೆ. ಹಲವು ಆಡಳಿತಗಳಲ್ಲಿ ಮುಖ್ಯಸ್ಥರು ಶಿಕ್ಷಣ ಯೋಜನೆಯನ್ನು ಓದಿ ಒಪ್ಪಿದ ಮೇಲೆಯೇ ಅವಧಿಗೊಮ್ಮೆ ಶಾಲೆಗೆ ಹಣ ಬಿಡುಗಡೆ ಮಾಡುತ್ತಾರೆ. 'ಓದಿನಲ್ಲಿ ಪ್ರಗತಿ ಸಾಧಿಸಬೇಕು' ಎಂಬ ಒಂದು ಸಾಲಿನ ಯೋಜನೆಗೆ ಹಣ ಬರುವುದಿಲ್ಲ. ಯಾವ ಪಾಠ, ವಾರಕ್ಕೆ ಎಷ್ಟು ಹೊತ್ತು, ಯಾರಿಂದ, ಪರಿಣಾಮವನ್ನು ಅಳೆಯುವುದು ಹೇಗೆ ಎಂಬುದನ್ನು ಬರೆಯಬೇಕಾಗುತ್ತದೆ. ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದನ್ನು ಕೇಂದ್ರದ ಶಿಕ್ಷಣ ಇಲಾಖೆಗೆ ಹಿಂದಿರುಗಿಸಬೇಕು. ಒಂದು ಪಾಲನ್ನು ಮುಖ್ಯಸ್ಥರು ತಮ್ಮ ಬಳಿ ಇಟ್ಟುಕೊಂಡು ಎಲ್ಲ ಮಕ್ಕಳಿಗೂ ಉಪಯೋಗವಾಗುವ ಕೆಲಸಕ್ಕೆ, ಉದಾಹರಣೆಗೆ ಶಿಕ್ಷಕರ ತರಬೇತಿಗೋ ಮನಶ್ಶಾಸ್ತ್ರಜ್ಞರ ನೇಮಕಕ್ಕೋ, ಬಳಸಬಹುದು. ಇದರ ಬಗ್ಗೆ ಶಾಲೆಗಳ ಗೊಣಗಾಟ ಇದ್ದೇ ಇದೆ, ಅದು ಪೂರ್ತಿ ನಿರಾಧಾರವೂ ಅಲ್ಲ: ಯೋಜನೆಯನ್ನು ಚೆನ್ನಾಗಿ ಬರೆಯುವುದೇ ಒಂದು ಕಸುಬಾಗಿ, ಮಗುವಿಗೆ ಪಾಠ ಹೇಳುವ ಹೊತ್ತು ನಮೂನೆ ತುಂಬುವುದರಲ್ಲಿ ಕಳೆಯಬಹುದು.

ಒಂದು ವರ್ಗಾವಣೆಯ ಸುತ್ತ

ಈ ಸಲಕರಣೆಗಳು ನಿಜವಾಗಿ ಪರೀಕ್ಷೆಗೊಳಗಾಗುವುದು ಮಗುವಿನ ವಸತಿ ಬದಲಾಗುವಾಗ. ಹದಿನೈದು ವರ್ಷದ, ಹತ್ತನೆಯ ವರ್ಷದ ತರಗತಿಯಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಇವಳು ನಿಜವಾದ ವ್ಯಕ್ತಿಯಲ್ಲ, ನಿಯಮಗಳು ಎಲ್ಲಿ ಹಿಡಿಯುತ್ತವೆ, ಎಲ್ಲಿ ಜಾರುತ್ತವೆ ಎಂಬುದನ್ನು ತೋರಿಸಲು ಕಟ್ಟಿಕೊಂಡ ಉದಾಹರಣೆ. ಸಾಕು ಕುಟುಂಬದಲ್ಲಿ ಜಗಳವಾಗಿದೆ. ಅವಳನ್ನು ಇನ್ನು ಇಟ್ಟುಕೊಳ್ಳಲಾಗದೆಂದು ಅವರು ತಿಳಿಸಿದ್ದಾರೆ. ಸಮಾಜ ಕಾರ್ಯಕರ್ತರಿಗೆ ಸಂಜೆಯೊಳಗೆ ಒಂದು ಹಾಸಿಗೆ ಹುಡುಕಬೇಕಾಗಿದೆ. ಸಿಕ್ಕ ಜಾಗ ಬೇರೊಂದು ಆಡಳಿತದ ವ್ಯಾಪ್ತಿಯಲ್ಲಿ, ಅವಳ ಶಾಲೆಯಿಂದ ಎರಡು ಗಂಟೆಯ ದಾರಿ. ಇದು ಅಪರೂಪದ ಸಂಗತಿಯಲ್ಲ. ಪಾಲನೆಯ ಮಕ್ಕಳಲ್ಲಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ತಮ್ಮ ಆಡಳಿತದ ಗಡಿಯ ಹೊರಗೆ ವಾಸಿಸುತ್ತಾರೆ.

ನಿಯಮದ ಪ್ರಕಾರ, ಹತ್ತು ಮತ್ತು ಹನ್ನೊಂದನೆಯ ವರ್ಷದ ತರಗತಿಗಳಲ್ಲಿ, ಅಂದರೆ ಜಿಸಿಎಸ್‌ಇಗೆ ಸಿದ್ಧವಾಗುವ ವರ್ಷಗಳಲ್ಲಿ, ಇರುವ ಮಗುವಿನ ಶಾಲೆಗೆ ಭಂಗ ತರುವ ವಸತಿ ಬದಲಾವಣೆಗೆ ನಿಯೋಜಿತ ಹಿರಿಯ ಅಧಿಕಾರಿಯ ಒಪ್ಪಿಗೆ ಬೇಕು. ಮಗುವಿನ ಇಚ್ಛೆಯನ್ನು ಕೇಳಿರಬೇಕು, ಶಾಲೆಯ ನಿಯೋಜಿತ ಶಿಕ್ಷಕರ ಅಭಿಪ್ರಾಯ ಪಡೆದಿರಬೇಕು. ತುರ್ತು ಸಂದರ್ಭಕ್ಕೆ ಇದರಲ್ಲಿ ವಿನಾಯಿತಿ ಇದೆ. ವರ್ಚುವಲ್ ಶಾಲೆಯ ಮುಖ್ಯಸ್ಥರು ಚುರುಕಾಗಿದ್ದರೆ ಅಂದೇ ಫೋನು ಹಿಡಿದು, ಹಳೆಯ ಶಾಲೆಯ ಸ್ಥಾನವನ್ನು ಕಳೆದುಕೊಳ್ಳದಂತೆ ಕೇಳುತ್ತಾರೆ, ಪರೀಕ್ಷೆ ಮುಗಿಯುವವರೆಗೆ ಟ್ಯಾಕ್ಸಿಯ ವೆಚ್ಚ ಭರಿಸಲು ಒಪ್ಪಿಸುತ್ತಾರೆ, ಇಲ್ಲವೇ ಹತ್ತಿರದ ಇನ್ನೊಂದು ಕುಟುಂಬವನ್ನು ಹುಡುಕಲು ಒಂದು ವಾರದ ಗಡುವು ಪಡೆಯುತ್ತಾರೆ. ಅಷ್ಟರೊಳಗೆ ವರ್ಗಾವಣೆ ಆಗಿಹೋಗಿದ್ದರೆ ಕಥೆ ಬೇರೆ. ತುರ್ತಾಗಿ ಸ್ಥಳಾಂತರಗೊಂಡ ಮಗುವಿಗೆ 20 ಶಾಲಾ ದಿನಗಳೊಳಗೆ ಸೂಕ್ತ ಶಿಕ್ಷಣ ಒದಗಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಇಪ್ಪತ್ತು ಶಾಲಾ ದಿನವೆಂದರೆ ನಾಲ್ಕು ವಾರ. ಪರೀಕ್ಷೆಯ ಪಠ್ಯಕ್ರಮ ಓಡುತ್ತಿರುವಾಗ ಅದೇ ಒಂದು ದೊಡ್ಡ ಕಂದಕ.

ಪ್ರವೇಶದ ನಿಯಮಗಳಲ್ಲಿ ಪಾಲನೆಯ ಮಕ್ಕಳಿಗೆ ಮೊದಲ ಆದ್ಯತೆ ಇದೆ, ಮತ್ತು ಅದು ದೊಡ್ಡ ಗೆಲುವೇ ಸರಿ. ಆದರೆ ವರ್ಷದ ನಡುವೆ, ಹತ್ತನೆಯ ತರಗತಿಗೆ ಬರುವ, ಮನೆ ಮುರಿದು ಬಂದಿರುವ ಹುಡುಗಿಯನ್ನು ಸೇರಿಸಿಕೊಳ್ಳಲು ಶಾಲೆಗಳು ಹಿಂದೆಮುಂದೆ ನೋಡುತ್ತವೆ. ಫಲಿತಾಂಶದ ಪಟ್ಟಿಯ ಭಯ ಒಂದು ಕಡೆ. 'ಅವಳ ಅಗತ್ಯಗಳನ್ನು ನಮ್ಮಿಂದ ಪೂರೈಸಲಾಗದು' ಎಂಬ ಸಭ್ಯ ಪತ್ರ ಇನ್ನೊಂದು ಕಡೆ. ಆಡಳಿತವೇ ನಡೆಸುವ ಶಾಲೆಯಾದರೆ ಸೇರಿಸಿಕೊಳ್ಳುವಂತೆ ಆದೇಶಿಸಬಹುದು. ಅಕಾಡೆಮಿ ಎಂಬ ಸ್ವಾಯತ್ತ ಶಾಲೆಯಾದರೆ ಕೇಂದ್ರದ ಶಿಕ್ಷಣ ಸಚಿವರ ಮೂಲಕ ನಿರ್ದೇಶನ ತರಬೇಕು, ಮತ್ತು ಇಂಗ್ಲೆಂಡಿನ ಹೆಚ್ಚಿನ ಪ್ರೌಢಶಾಲೆಗಳು ಇಂದು ಅಕಾಡೆಮಿಗಳೇ. ಶಾಲೆ ಸಿಕ್ಕರೂ ಅಲ್ಲಿನ ಪರೀಕ್ಷಾ ಮಂಡಳಿ ಬೇರೆ, ಸಾಹಿತ್ಯದ ಪಠ್ಯ ಬೇರೆ, ಇತಿಹಾಸದ ಕಾಲಘಟ್ಟ ಬೇರೆ. ಒಂದು ವರ್ಷ ಓದಿದ್ದು ಅರ್ಧಕ್ಕರ್ಧ ವ್ಯರ್ಥವಾಗುತ್ತದೆ. ಈ ಸರಪಳಿಯಲ್ಲಿ ಯಾರೊಬ್ಬರೂ ಕೆಟ್ಟವರಲ್ಲ, ಒಬ್ಬೊಬ್ಬರೂ ತಮ್ಮ ಕೆಲಸವನ್ನೇ ಮಾಡಿದ್ದಾರೆ. ಹಾನಿ ಮಾತ್ರ ಆಗಿದೆ.

ಅಧ್ಯಯನಗಳು ತೋರಿಸಿದ್ದು

ಈ ಊಹೆಯ ಹುಡುಗಿಗೆ ಆದ ನಷ್ಟವನ್ನು ಅಳೆಯಲು ನೈಜ ದತ್ತಾಂಶವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರೀಸ್ ಕೇಂದ್ರ ಮತ್ತು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶಾಲಾ ಫಲಿತಾಂಶಗಳ ರಾಷ್ಟ್ರೀಯ ದತ್ತಾಂಶವನ್ನೂ ಪಾಲನೆಯ ದಾಖಲೆಗಳನ್ನೂ ಮಗುಮಗುವಿಗೆ ಜೋಡಿಸಿ, 2013ರಲ್ಲಿ ಜಿಸಿಎಸ್‌ಇ ಬರೆದವರ ಶಾಲಾ ಬದುಕನ್ನು ಪರಿಶೀಲಿಸಿತು. ಎಂಟು ವಿಷಯಗಳ ದರ್ಜೆಗಳನ್ನು ಕೂಡಿಸಿ ನೋಡಿದಾಗ, ಹತ್ತು ಅಥವಾ ಹನ್ನೊಂದನೆಯ ವರ್ಷದ ತರಗತಿಯಲ್ಲಿ ಶಾಲೆ ಬದಲಿಸಿದವರು, ಬದಲಿಸದವರಿಗಿಂತ ಐದಕ್ಕೂ ಹೆಚ್ಚು ದರ್ಜೆಗಳಷ್ಟು ಹಿಂದಿದ್ದರು. ಹನ್ನೊಂದು ವಯಸ್ಸಿನ ನಂತರದ ಪ್ರತಿಯೊಂದು ವಸತಿ ಬದಲಾವಣೆಯೂ ಒಂದು ದರ್ಜೆಯ ಮೂರನೆಯ ಒಂದು ಭಾಗದಷ್ಟು ಇಳಿಕೆಯೊಂದಿಗೆ ತಳಕು ಹಾಕಿಕೊಂಡಿತ್ತು. ಅನುಮತಿಯಿಲ್ಲದ ಗೈರುಹಾಜರಿಯಿಂದ ಶಾಲಾ ಕಲಾಪದ ಪ್ರತಿ ಶೇ 5 ತಪ್ಪಿಹೋದಾಗ ಎರಡು ದರ್ಜೆಗಿಂತ ಹೆಚ್ಚು, ಶಿಸ್ತುಕ್ರಮವಾಗಿ ತಾತ್ಕಾಲಿಕವಾಗಿ ಹೊರಗಿಟ್ಟ ಪ್ರತಿಯೊಂದು ದಿನಕ್ಕೂ ಒಂದು ದರ್ಜೆಯ ಆರನೆಯ ಒಂದು ಭಾಗ ಇಳಿಕೆ ಕಂಡಿತು. ಇವು ಸಹಸಂಬಂಧಗಳು, ಕಾರಣವೇ ಇದೆಂದು ಹೇಳುವ ಸಾಕ್ಷ್ಯವಲ್ಲ. ಪದೇ ಪದೇ ವಸತಿ ಬದಲಾಗುವ ಮಗುವಿಗೆ ಬೇರೆ ಕಷ್ಟಗಳೂ ಹೆಚ್ಚಿರುತ್ತವೆ. ಆದರೂ ಶಾಲೆ ಬದಲಾವಣೆಯ ಅಂಕಿ ವಸತಿ ಬದಲಾವಣೆಯ ಅಂಕಿಗಿಂತ ಎಷ್ಟು ದೊಡ್ಡದೆಂಬುದನ್ನು ನೋಡಿದರೆ, ಮನೆ ಬದಲಾಗುವುದು ಅನಿವಾರ್ಯವಾದಾಗಲೂ ಶಾಲೆಯನ್ನು ಉಳಿಸಿಕೊಡುವುದಕ್ಕೆ ಎಷ್ಟು ಹಣ ಸುರಿದರೂ ಅದು ದುಬಾರಿಯಲ್ಲ ಎಂದು ನನಗೆ ಅನಿಸುತ್ತದೆ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಜನಪ್ರಿಯ ನಂಬಿಕೆಯನ್ನು ಅಲುಗಿಸುವಂಥದ್ದು. ಪಾಲನೆಗೆ ಸೇರಿದ್ದರಿಂದಲೇ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಮಾತು ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಬಹಳ ಕಾಲ ಓಡಾಡಿತ್ತು. ದೀರ್ಘಕಾಲ ಪಾಲನೆಯಲ್ಲಿದ್ದ ಮಕ್ಕಳನ್ನು, ಸಮಾಜ ಸೇವಾ ವಿಭಾಗದ ಗಮನದಲ್ಲಿದ್ದೂ ಸ್ವಂತ ಮನೆಯಲ್ಲಿಯೇ ಉಳಿದ ಮಕ್ಕಳೊಂದಿಗೆ ಹೋಲಿಸಿದಾಗ, ಪಾಲನೆಯ ಮಕ್ಕಳೇ ಮುಂದಿದ್ದರು. ಅಲ್ಪಕಾಲ ಪಾಲನೆಯಲ್ಲಿದ್ದವರಿಗಿಂತಲೂ ಅವರು ಮುಂದಿದ್ದರು. ಸಂಶೋಧಕರು ಆರು ಆಡಳಿತಗಳ 26 ತರುಣ ತರುಣಿಯರೊಂದಿಗೆ ಮಾತನಾಡಿದಾಗ, ಪಾಲನೆಗೆ ಬಂದದ್ದರಿಂದ ಓದಿಗೆ ಒಳ್ಳೆಯದೇ ಆಯಿತೆಂದು ಅವರಲ್ಲಿ ಅನೇಕರು ಹೇಳಿದರು. ತಮ್ಮ ಪ್ರಗತಿಗೆ ಶಿಕ್ಷಕರು ಅತ್ಯಂತ ಮುಖ್ಯ ಕಾರಣವೆಂದೂ ತಿಳಿಸಿದರು. ಬೇಗ ಬಂದು, ಒಂದೆಡೆ ನೆಲೆನಿಂತ ಮಗುವಿಗೆ ಪಾಲನೆ ರಕ್ಷಣೆಯಾಗುತ್ತದೆ. ಹದಿನಾಲ್ಕರಲ್ಲಿ ಬಂದು, ಎರಡು ವರ್ಷದಲ್ಲಿ ಮೂರು ಮನೆ ಕಂಡ ಮಗುವಿಗೆ ಆ ಅವಕಾಶವೇ ಸಿಗುವುದಿಲ್ಲ.

ಇಲ್ಲಿಂದ ವಾರ್ಷಿಕ ಅಂಕಿ-ಅಂಶಗಳನ್ನು ಓದುವ ಬಗೆಯೂ ಬದಲಾಗಬೇಕು. 2019ರಲ್ಲಿ, ಎಂಟು ವಿಷಯಗಳ ಸಾಧನೆಯನ್ನು ಅಳೆಯುವ ಅಟೇನ್‌ಮೆಂಟ್ 8 ಎಂಬ ಮಾನದಂಡದಲ್ಲಿ ಪಾಲನೆಯ ಮಕ್ಕಳ ಸರಾಸರಿ 19.1, ಪಾಲನೆಯಲ್ಲಿಲ್ಲದ ಮಕ್ಕಳ ಸರಾಸರಿ 44.6. ಅದೇ ವರ್ಷ ಪ್ರಾಥಮಿಕ ಹಂತದ ಕೊನೆಯಲ್ಲಿ ಓದು, ಬರಹ, ಗಣಿತ ಮೂರರಲ್ಲಿಯೂ ನಿರೀಕ್ಷಿತ ಮಟ್ಟ ತಲುಪಿದವರು ಕ್ರಮವಾಗಿ ಶೇ 37 ಮತ್ತು ಶೇ 65. ಹನ್ನೊಂದರ ವಯಸ್ಸಿನಲ್ಲಿದ್ದ ಅಂತರ ಹದಿನಾರರಲ್ಲಿ ಇನ್ನಷ್ಟು ಅಗಲವಾಗಿ ಕಾಣುವುದಕ್ಕೆ ಪ್ರೌಢಶಾಲೆಯೊಂದೇ ಹೊಣೆಯಲ್ಲ. ಹದಿಹರೆಯದಲ್ಲಿ ಹೊಸದಾಗಿ ಪಾಲನೆಗೆ ಬಂದವರೂ ಹದಿನಾರರ ಗುಂಪಿನಲ್ಲಿ ಸೇರಿರುತ್ತಾರೆ. ಸರ್ಕಾರದ ಲೆಕ್ಕಾಚಾರ ಕನಿಷ್ಠ ಹನ್ನೆರಡು ತಿಂಗಳು ಸತತವಾಗಿ ಪಾಲನೆಯಲ್ಲಿದ್ದವರನ್ನು ಒಟ್ಟಿಗೆ ಹಾಕುತ್ತದೆ, ಹಾಗಾಗಿ ನಾಲ್ಕರ ವಯಸ್ಸಿನಲ್ಲಿ ಬಂದವರೂ ಹದಿನಾಲ್ಕೂವರೆಯಲ್ಲಿ ಬಂದವರೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತಾರೆ. ಇದಲ್ಲದೆ ಪಾಲನೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಿಶೇಷ ಶೈಕ್ಷಣಿಕ ಅಗತ್ಯಗಳಿವೆ. ಒಟ್ಟು ಅಂತರವನ್ನು ಮಾತ್ರ ಹಿಡಿದು ವರ್ಚುವಲ್ ಶಾಲೆ ಸೋತಿತೆಂದು ತೀರ್ಪು ಕೊಡುವುದು ಸರಿಯಲ್ಲ. ಬಂದ ದಿನದಿಂದ ಮಗು ಎಷ್ಟು ಮುಂದೆ ಸಾಗಿತು ಎಂಬುದನ್ನು ಅಳೆಯದೆ ಗೆದ್ದಿತೆನ್ನುವುದಕ್ಕೂ ಆಧಾರ ಸಾಲದು.

ಕಲಿಸುವುದರ ಪ್ರಶ್ನೆ

ಶಾಲೆಯನ್ನು ಉಳಿಸಿಕೊಟ್ಟ ಮೇಲೂ ಹಿಂದೆ ಬಿದ್ದ ಮಗುವಿಗೆ ಕಲಿಸಲೇಬೇಕು, ಮತ್ತು ಈ ವಿಷಯದಲ್ಲಿ ಮುಖ್ಯಸ್ಥರು ಅನುದಾನವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದಕ್ಕೆ ಇಂಗ್ಲೆಂಡಿನ ಹೊರಗಿನ ಕೆಲವು ಪ್ರಯೋಗಗಳು ಬೆಳಕು ಚೆಲ್ಲುತ್ತವೆ. ಸಾಕು ಕುಟುಂಬದ ಮಕ್ಕಳ ಹೆಸರಿಗೆ ಆರು ತಿಂಗಳು, ತಿಂಗಳಿಗೊಮ್ಮೆ ಪುಸ್ತಕ ಮತ್ತು ಗಣಿತದ ಆಟಗಳ ಪೊಟ್ಟಣವನ್ನು ಅಂಚೆಯಲ್ಲಿ ಕಳುಹಿಸುವ ಲೆಟರ್‌ಬಾಕ್ಸ್ ಕ್ಲಬ್ ಎಂಬ ಯೋಜನೆ ಇಂಗ್ಲೆಂಡಿನಲ್ಲಿ ಬಹಳ ಪ್ರೀತಿ ಗಳಿಸಿತ್ತು. ಉತ್ತರ ಐರ್ಲೆಂಡಿನಲ್ಲಿ ಇದನ್ನು ಯಾದೃಚ್ಛಿಕ ಹಂಚಿಕೆಯ ಪ್ರಯೋಗದ ಮೂಲಕ ಪರೀಕ್ಷಿಸಿದಾಗ ಓದುವ ಸಾಮರ್ಥ್ಯದ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ. ಮಗುವಿಗೆ ತನ್ನ ಹೆಸರು ಬರೆದ ಪೊಟ್ಟಣ ಬಂದ ಸಂತೋಷವನ್ನು ಯಾರೂ ಅಲ್ಲಗಳೆಯುವುದಿಲ್ಲ. ಪುಸ್ತಕ ತಲುಪಿದರೆ ಸಾಲದು, ಅದನ್ನು ಮಗುವಿನ ಪಕ್ಕದಲ್ಲಿ ಕುಳಿತು ಓದಿಸುವವರು ಬೇಕು. ಇದಕ್ಕೆ ಪೂರಕವಾಗಿ, ಕೆನಡಾದ ಒಂಟಾರಿಯೊದಲ್ಲಿ ಸಾಕು ತಂದೆತಾಯಿಗಳಿಗೇ ತರಬೇತಿ ಕೊಟ್ಟು, ಕ್ರಮಬದ್ಧ ಪಾಠವನ್ನು ವಾರವಾರ ಹೇಳಿಸಿದ ಪ್ರಯೋಗದಲ್ಲಿ ಓದಿನ ಮತ್ತು ಗಣಿತದ ಕೆಲವು ಅಂಶಗಳಲ್ಲಿ ಸುಧಾರಣೆ ಕಂಡುಬಂತು.

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ನಗರದಲ್ಲಿ 2005ರಲ್ಲಿ ಆರಂಭವಾದ ಸ್ಕೋಲ್‌ಫಾಮ್ ಎಂಬ ಕ್ರಮ ಇನ್ನೂ ಆಳವಾದದ್ದು. ಅಲ್ಲಿ 25 ಸಾಕುಮಕ್ಕಳನ್ನು ಒಬ್ಬ ಮನಶ್ಶಾಸ್ತ್ರಜ್ಞರೂ ಒಬ್ಬ ವಿಶೇಷ ಶಿಕ್ಷಕರೂ ಸೇರಿ, ವಯಸ್ಸಿಗೆ ತಕ್ಕ ಪ್ರಮಾಣಿತ ಪರೀಕ್ಷೆಗಳಿಂದ ಪರಿಶೀಲಿಸಿದರು. ಒಬ್ಬೊಬ್ಬರಿಗೂ ಯೋಜನೆ ಬರೆದು, ಶಾಲೆಯೊಂದಿಗೆ ಕೂಡಿ ನಡೆಸಿ, ಎರಡು ವರ್ಷದ ನಂತರ ಮತ್ತೆ ಅಳೆದರು. ಓದು-ಬರಹ ಮತ್ತು ಗ್ರಹಿಕೆಯ ಶಕ್ತಿ ಎರಡರಲ್ಲಿಯೂ ಏರಿಕೆ ಕಂಡಿತು. ಮುಂದೆ 24 ಮಕ್ಕಳೊಂದಿಗೆ ಇದನ್ನು ಪುನರಾವರ್ತಿಸಿದಾಗ ಆ ಫಲಿತಾಂಶ ಮರಳಿ ಬಂದದ್ದಲ್ಲದೆ, ಗಣಿತದಲ್ಲಿಯೂ ಪ್ರಗತಿ ಕಂಡಿತು. ಎರಡೂ ಸಣ್ಣ ಗುಂಪುಗಳು, ಹೋಲಿಕೆಯ ಗುಂಪಿಲ್ಲದೆ ನಡೆದವು, ಆದ್ದರಿಂದ ಎಚ್ಚರಿಕೆಯಿಂದ ಓದಬೇಕು. ಆದರೂ ಇಂಗ್ಲೆಂಡಿನ ಶಿಕ್ಷಣ ಯೋಜನೆಯ ನಮೂನೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ: ಸ್ವೀಡನ್ನಿನಲ್ಲಿ ಮೊದಲು ಪರೀಕ್ಷೆ, ಆಮೇಲೆ ಯೋಜನೆ. ಇಂಗ್ಲೆಂಡಿನಲ್ಲಿ ಹತ್ತು ದಿನದ ಗಡುವಿನೊಳಗೆ ಬರೆಯುವ ಯೋಜನೆ ಹೆಚ್ಚಾಗಿ ಶಾಲೆಗೆ ಆಗಲೇ ಗೊತ್ತಿದ್ದುದನ್ನೇ ಆಧರಿಸಿರುತ್ತದೆ, ಮತ್ತು ಪದೇ ಪದೇ ಶಾಲೆ ಬದಲಿಸಿದ ಮಗುವಿನ ಬಗ್ಗೆ ಶಾಲೆಗೆ ಗೊತ್ತಿರುವುದು ಬಹಳ ಕಡಿಮೆ. ಭಿನ್ನರಾಶಿ ಕಲಿಸಿದ ತಿಂಗಳು ಆ ಮಗು ಎರಡು ಶಾಲೆಗಳ ನಡುವೆ ಇತ್ತು ಎಂಬುದು ಯಾವ ವರದಿಯಲ್ಲಿಯೂ ಬರೆದಿರುವುದಿಲ್ಲ. ಏಳನೆಯ ತರಗತಿಯಲ್ಲಿ ಅವನಿಗೆ ಗಣಿತವೇ ಬರುವುದಿಲ್ಲ ಎಂದು ಮಾತ್ರ ಬರೆದಿರುತ್ತದೆ. ಅನುದಾನದಲ್ಲಿ ಕೇಂದ್ರವಾಗಿ ಇಟ್ಟುಕೊಳ್ಳುವ ಪಾಲನ್ನು ಇಂಥ ಪೂರ್ವಪರೀಕ್ಷೆಗೆ ಮೀಸಲಿಡುವುದು, ಲ್ಯಾಪ್‌ಟಾಪ್ ಕೊಡಿಸುವುದಕ್ಕಿಂತ ಹೆಚ್ಚು ಫಲ ಕೊಡಬಹುದು.

ಅಧಿಕಾರದ ಮಿತಿ

ಪ್ರಕರಣದ ತಿರುಳು ಇರುವುದು ಇಲ್ಲಿ. ವರ್ಚುವಲ್ ಶಾಲೆಯ ಮುಖ್ಯಸ್ಥರಿಗೆ ಮಾಹಿತಿ ಇದೆ, ಹಣ ಇದೆ, ಕಾನೂನಿನಲ್ಲಿ ಹೆಸರಿದೆ. ಮಗು ಎಲ್ಲಿ ವಾಸಿಸಬೇಕೆಂಬ ತೀರ್ಮಾನ ಮಾತ್ರ ಅವರದಲ್ಲ, ಅದು ಸಮಾಜ ಸೇವಾ ವಿಭಾಗದ್ದು. ಅವರ ಅಭಿಪ್ರಾಯ ಕೇಳಬಹುದು, ಕೇಳಬೇಕೆಂದು ಮಾರ್ಗಸೂಚಿ ಹೇಳುತ್ತದೆ, ಅದನ್ನು ಒಪ್ಪಲೇಬೇಕೆಂದಿಲ್ಲ. ಆ ವಿಭಾಗವೂ ತನ್ನ ಇಚ್ಛೆಯಂತೆ ನಡೆಯಲಾರದು, ಏಕೆಂದರೆ ಸಾಕು ಕುಟುಂಬಗಳ ಕೊರತೆಯಿದೆ, ಮಕ್ಕಳ ನಿಲಯಗಳಲ್ಲಿ ಬಹುಪಾಲು ಖಾಸಗಿಯವರ ಒಡೆತನದಲ್ಲಿವೆ, ಮತ್ತು ಅವು ಕಟ್ಟಡ ಅಗ್ಗವಾಗಿ ಸಿಗುವ ಪ್ರದೇಶಗಳಲ್ಲಿ ಗುಂಪುಗೂಡಿವೆ. ಹಾಗಾಗಿ ಮಗುವಿನ ಓದಿನ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವ ತೀರ್ಮಾನವು ಓದಿನ ಹೊಣೆ ಹೊತ್ತವರ ಕೈಯಲ್ಲಿಲ್ಲ. ಈ ಹುದ್ದೆ ಯಶಸ್ವಿಯಾದ ಕಡೆ, ಮುಖ್ಯಸ್ಥರು ಆಡಳಿತದೊಳಗೆ ಸಾಕಷ್ಟು ಹಿರಿಯ ಸ್ಥಾನದಲ್ಲಿದ್ದು, ವಸತಿಯ ಸಭೆಗಳಲ್ಲಿ ಕುಳಿತು, ಬೇಡವೆನ್ನುವ ಧೈರ್ಯ ಮತ್ತು ವರ್ಚಸ್ಸು ಉಳ್ಳವರಾಗಿರುತ್ತಾರೆ. ಅಂಥ ವರ್ಚಸ್ಸು ವ್ಯಕ್ತಿಯದೇ ಹೊರತು ಹುದ್ದೆಯದಲ್ಲ. ವ್ಯಕ್ತಿ ನಿವೃತ್ತರಾದರೆ ಅದೂ ಹೋಗುತ್ತದೆ. ಹತ್ತು, ಹನ್ನೊಂದನೆಯ ವರ್ಷದ ತರಗತಿಗಳ ಮಕ್ಕಳ ಮಟ್ಟಿಗಾದರೂ, ಶಾಲೆ ಬದಲಾಗುವ ಪ್ರತಿಯೊಂದು ಸ್ಥಳಾಂತರಕ್ಕೂ ಮುಖ್ಯಸ್ಥರ ಲಿಖಿತ ಅಭಿಪ್ರಾಯ ಕಡತದಲ್ಲಿರಬೇಕು, ಅದನ್ನು ಮೀರಿದ ಅಧಿಕಾರಿ ಕಾರಣವನ್ನು ಬರೆದು ಸಹಿ ಹಾಕಬೇಕು ಎಂಬ ನಿಯಮವಿದ್ದರೆ, ಹೊಸ ಹಣವಿಲ್ಲದೆಯೂ ಪರಿಸ್ಥಿತಿ ಸಾಕಷ್ಟು ಬದಲಾಗುತ್ತಿತ್ತು.

ಬದಲಾಗಿ ನಡೆದದ್ದು ಹುದ್ದೆಯ ವ್ಯಾಪ್ತಿಯ ವಿಸ್ತರಣೆ. ದತ್ತು ಹೋದ ಮತ್ತು ಬೇರೆ ರೀತಿಯಲ್ಲಿ ಪಾಲನೆಯಿಂದ ಹೊರಬಂದ ಮಕ್ಕಳ ವಿಷಯದಲ್ಲಿ ಸಲಹೆ ನೀಡುವ ಹೊಣೆ 2018ರಲ್ಲಿ ಸೇರಿತು. ಸಮಾಜ ಕಾರ್ಯಕರ್ತರ ನಿಗಾದಲ್ಲಿರುವ ಎಲ್ಲ ಮಕ್ಕಳ ಶಿಕ್ಷಣದ ಮೇಲ್ವಿಚಾರಣೆ 2021ರ ಸೆಪ್ಟೆಂಬರಿನಲ್ಲಿ, ಬಂಧುಗಳ ಆಸರೆಯಲ್ಲಿ ಬೆಳೆಯುವ ಮಕ್ಕಳ ಹೊಣೆ 2024ರಲ್ಲಿ ಬಂತು. ಪ್ರತಿಯೊಂದೂ ಬೇಕಾದ ಕೆಲಸವೇ. ಆದರೆ ಕೆಲವು ನೂರು ಮಕ್ಕಳನ್ನು ಹೆಸರು ಹಿಡಿದು ಬಲ್ಲ ಕಚೇರಿ, ಸಾವಿರಾರು ಮಕ್ಕಳ ಬಗ್ಗೆ ಸಲಹಾ ಸುತ್ತೋಲೆ ಹೊರಡಿಸುವ ಕಚೇರಿಯಾಗಿ ಮಾರ್ಪಡುವ ಅಪಾಯ ಇದರಲ್ಲಿದೆ, ಮತ್ತು ಹೆಸರು ಹಿಡಿದು ಬಲ್ಲೆವೆಂಬುದೇ ಈ ಮಾದರಿಯ ಮೂಲ ಶಕ್ತಿಯಾಗಿತ್ತು.

ಇನ್ನೊಂದು ತುದಿಯಲ್ಲಿ, ಹದಿನಾರರ ನಂತರದ ಎರಡು ವರ್ಷಗಳಿವೆ. ಇಂಗ್ಲೆಂಡಿನಲ್ಲಿ ಹದಿನೆಂಟರವರೆಗೆ ಯಾವುದಾದರೊಂದು ಶಿಕ್ಷಣ ಅಥವಾ ತರಬೇತಿಯಲ್ಲಿ ಇರಲೇಬೇಕೆಂಬ ಕಾನೂನಿದೆ, ಆದರೆ ಮೇಲೆ ಹೇಳಿದ ತಲಾ ಅನುದಾನ ಶಾಲಾ ವಯಸ್ಸಿಗೆ ಮುಗಿಯುತ್ತದೆ. ಕಾಲೇಜಿಗೆ ಹೋಗುವವರಿಗೆ ವರ್ಷಕ್ಕೆ 1,200 ಪೌಂಡ್‌ವರೆಗಿನ ನೆರವು, ಉನ್ನತ ಶಿಕ್ಷಣಕ್ಕೆ ಹೋಗುವವರಿಗೆ 2,000 ಪೌಂಡಿನ ಒಂದು ಬಾರಿಯ ನೆರವು ಇವೆ. ಶಾಲೆಯಲ್ಲಿದ್ದಂತೆ ಕಾನೂನಿನ ಬಲವುಳ್ಳ ನಿಯೋಜಿತ ಶಿಕ್ಷಕ ಕಾಲೇಜಿನಲ್ಲಿಲ್ಲ. 2021ರಿಂದ ಕೆಲವು ಆಡಳಿತಗಳಲ್ಲಿ ಈ ವಯಸ್ಸಿನವರಿಗೂ ಅನುದಾನವನ್ನು ಪ್ರಾಯೋಗಿಕವಾಗಿ ನೀಡಲಾಯಿತು. ಮೊದಲ ಬಾರಿಗೆ ಗಣಿತ, ಇಂಗ್ಲಿಷಿನಲ್ಲಿ ತೇರ್ಗಡೆಯಾಗದವರು ಮತ್ತೆ ಪರೀಕ್ಷೆಗೆ ಕೂರುವುದು ಈ ವರ್ಷಗಳಲ್ಲಿಯೇ, ಮತ್ತು ಹದಿಹರೆಯದಲ್ಲಿ ತಡವಾಗಿ ಪಾಲನೆಗೆ ಬಂದವರಿಗೆ ನೆಲೆ ಸಿಕ್ಕು ಓದು ಆರಂಭವಾಗುವುದೂ ಹೆಚ್ಚಾಗಿ ಆಗಲೇ. ಹದಿನಾರರ ಫಲಿತಾಂಶದಿಂದ ಅಳೆಯಲ್ಪಡುವ ವರ್ಚುವಲ್ ಶಾಲೆಗಳಿಗೆ, ಹದಿನೆಂಟರಲ್ಲಿ ತೇರ್ಗಡೆಯಾದ ಆ ವಿದ್ಯಾರ್ಥಿ ಲೆಕ್ಕಕ್ಕೆ ಬರುವುದಿಲ್ಲ.